ದ್ವೀಪದ ಧೂಳು, ಬೀದರದ ಗಾಳಿ

ನಾಲ್ಕು ಕಡೆಯೂ ನೀರೇ ಇರುವ ಒಂದು ದ್ವೀಪಕ್ಕೆ ಗಾಳಿಯಲ್ಲಿನ ಧೂಳನ್ನು ಅಳೆಯಲು ಹೊರಟವರನ್ನು ಕಂಡರೆ ಯಾರಿಗಾದರೂ ನಗು ಬಂದೀತು. ಅಲ್ಲಿ ಉಳುವ ಎರೆಹೊಲಗಳಿಲ್ಲ; ಲಾರಿಗಳ ಸಾಲಿಲ್ಲ; ಹೊಗೆ ಕಾರುವ ದೊಡ್ಡ ಕಾರ್ಖಾನೆಗಳಿಲ್ಲ. ಆದರೂ ಲಕ್ಷದ್ವೀಪಗಳ ದಕ್ಷಿಣದ ತುದಿಯಲ್ಲಿರುವ ಮಿನಿಕಾಯ್ ಎಂಬ ಪುಟ್ಟ ದ್ವೀಪದಲ್ಲಿ ನಮ್ಮ ದೇಶದ ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಲ್ಲಿಯೇ ಉಪಕರಣಗಳನ್ನು ಹೂಡಿ ಈ ಕೆಲಸಕ್ಕೆ ಕೈಹಾಕಿದರು. ಅವರ ತರ್ಕ ಸರಳವಾದುದು. ಸ್ವಂತ ಧೂಳಿಲ್ಲದ ಸ್ಥಳದಲ್ಲಿ ಧೂಳು ಕಂಡುಬಂದರೆ ಅದು ಪರಸ್ಥಳದ್ದೇ ಆಗಿರಬೇಕಷ್ಟೆ. ಆದುದರಿಂದ ದ್ವೀಪವೆಂಬುದು ಭೂಖಂಡಗಳು ಗಾಳಿಗೆ ಒಪ್ಪಿಸಿದ ಸರಕನ್ನು ತೂಗಿ ನೋಡುವ ಒಂದು ಸುಂಕದ ಕಟ್ಟೆ ಇದ್ದಂತೆ. ಆ ಸರಕಿನಲ್ಲಿ ನಮ್ಮ ಬೀದರ ಜಿಲ್ಲೆಯ ಪಾಲೂ ಉಂಟೆಂಬುದು, ಆ ಪಾಲನ್ನು ಇಲ್ಲಿಯೇ ಅಳೆಯುವ ಅಭ್ಯಾಸವನ್ನು ನಮ್ಮ ಕಾಲೇಜುಗಳು ಬೆಳೆಸಿಕೊಳ್ಳಬೇಕೆಂಬುದು ಈ ಲೇಖನದಲ್ಲಿ ನಾವು ಮಂಡಿಸಬಯಸುವ ಅಭಿಪ್ರಾಯ.

ಬೀದರಿನಿಂದ ಮಿನಿಕಾಯ್ ಸಾವಿರದ ನೂರು ಕಿಲೋಮೀಟರಿಗೂ ದೂರ. ಇಲ್ಲಿಯ ಹೊಗೆ ಅಲ್ಲಿಯವರೆಗೆ ಹೋದೀತೆ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವು ಕಣದ ಗಾತ್ರದಲ್ಲಿದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವನ್ನು ಮೈಕ್ರಾನ್ ಎನ್ನುತ್ತೇವೆ. ನಮ್ಮ ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ. ನೀರಿನಷ್ಟೇ ಸಾಂದ್ರತೆಯ, ನೂರು ಮೈಕ್ರಾನ್ ವ್ಯಾಸದ ಒಂದು ಕಣವನ್ನು ನಿಶ್ಚಲವಾದ ಗಾಳಿಯಲ್ಲಿ ಒಂದು ಕಿಲೋಮೀಟರ್ ಎತ್ತರದಿಂದ ಬಿಟ್ಟರೆ ಅದು ಸುಮಾರು ಒಂದು ಗಂಟೆಯಲ್ಲಿ ನೆಲ ಮುಟ್ಟುತ್ತದೆ. ಹತ್ತು ಮೈಕ್ರಾನಿನ ಕಣಕ್ಕೆ ಮೂರು ನಾಲ್ಕು ದಿನ ಬೇಕು. ಒಂದು ಮೈಕ್ರಾನಿನ ಕಣವಾದರೋ ದಿನಕ್ಕೆ ಮೂರು ಮೀಟರ್ ಮಾತ್ರ ಇಳಿಯುವುದರಿಂದ ಅದಕ್ಕೆ ಹೆಚ್ಚು ಕಡಮೆ ಒಂದು ವರ್ಷ ಹಿಡಿಯುತ್ತದೆ! ಕಾಲೇಜಿನ ಮೊದಲ ವರ್ಷಗಳಲ್ಲಿ ಕಲಿಯುವ ಸ್ಟೋಕ್ಸನ ನಿಯಮದಿಂದ ವಿದ್ಯಾರ್ಥಿಗಳು ತಾವೇ ಈ ಲೆಕ್ಕವನ್ನು ಮಾಡಿ ನೋಡಬಹುದು. (ನೂರು ಮೈಕ್ರಾನಿನ ಕಣಕ್ಕೆ ಮಾತ್ರ ಆ ನಿಯಮ ಸರಿಯಾಗಿ ಹೊಂದುವುದಿಲ್ಲ, ಏಕೆಂಬುದನ್ನು ತಮ್ಮ ಅಧ್ಯಾಪಕರನ್ನು ಕೇಳಲಿ.) ವಾಸ್ತವದಲ್ಲಿ ವರ್ಷಪೂರ್ತಿ ಯಾವ ಕಣವೂ ಹೀಗೆ ತೇಲುವುದಿಲ್ಲ, ಮಳೆ ಅದನ್ನು ಬೇಗನೆ ತೊಳೆದುಹಾಕುತ್ತದೆ. ಆದರೆ ಮಳೆಯಿಲ್ಲದ ಕಾಲದಲ್ಲಿ ಒಂದು ವಾರ ತೇಲುವುದು ಏನೇನೂ ಹೆಚ್ಚಲ್ಲ. ಸೆಕೆಂಡಿಗೆ ಐದು ಮೀಟರ್ ವೇಗದ ಮಂದಗಾಳಿಯೂ ಒಂದು ವಾರದಲ್ಲಿ ಮೂರು ಸಾವಿರ ಕಿಲೋಮೀಟರ್ ಸಾಗುತ್ತದೆ. ಮಿನಿಕಾಯ್ ತಲುಪಲು ಅದಕ್ಕೆ ಪೂರ್ತಿ ಮೂರು ದಿನವೂ ಬೇಡ.

ಹೀಗೆ ಅಳೆಯುತ್ತ ಹೋದಾಗ ದ್ವೀಪದ ಗಾಳಿಗೂ ಒಂದು ಪಂಚಾಂಗವಿರುವುದು ಗೊತ್ತಾಯಿತು. ಡಿಸೆಂಬರಿನಿಂದ ಮಾರ್ಚಿಯವರೆಗೆ ಗಾಳಿ ಈಶಾನ್ಯದಿಂದ, ಎಂದರೆ ಭಾರತದ ನೆಲದ ಮೇಲಿನಿಂದ, ಸಮುದ್ರದ ಕಡೆಗೆ ಬೀಸುತ್ತದೆ. ಆಗ ದ್ವೀಪಕ್ಕೆ ಬರುವುದು ಒಂದು ಮೈಕ್ರಾನಿಗಿಂತ ಚಿಕ್ಕದಾದ ಕಣಗಳು: ಉರಿಸಿದ ಕಟ್ಟಿಗೆ, ಬೆರಣಿ, ಡೀಸೆಲ್, ಕಲ್ಲಿದ್ದಲುಗಳ ಮಸಿ, ಕಲ್ಲಿದ್ದಲಿನ ಗಂಧಕದ ಅನಿಲವು ದಾರಿಯಲ್ಲಿ ಮಾರ್ಪಟ್ಟು ಉಂಟಾದ ಸಲ್ಫೇಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿಯ ದಿಕ್ಕು ವಾಯವ್ಯಕ್ಕೆ ತಿರುಗಿ ಅರಬ್ಬೀ ಮರುಭೂಮಿಯ ಧೂಳನ್ನು ಹೊತ್ತು ತರುತ್ತದೆ. ಜೂನ್ ಬಂದಿತೆಂದರೆ ನಾಟಕದ ಪರದೆಯೇ ಬದಲಾಗುತ್ತದೆ. ನೈಋತ್ಯದ ಬಲವಾದ ಗಾಳಿ ಅಲೆಗಳನ್ನು ಒಡೆದು ನೊರೆಯನ್ನೆಬ್ಬಿಸುತ್ತದೆ. ನೊರೆಯ ಗುಳ್ಳೆಗಳು ಸಿಡಿದಾಗ ಚಿಮ್ಮುವ ಹನಿಗಳು ಒಣಗಿ ಉಪ್ಪಿನ ಕಣಗಳಾಗುತ್ತವೆ. ಆ ತಿಂಗಳುಗಳಲ್ಲಿ ಮಸಿಯ ಪ್ರಮಾಣ ಚಳಿಗಾಲದ ಒಂದು ಸಣ್ಣ ಅಂಶಕ್ಕೆ ಇಳಿಯುತ್ತದೆ. ಕಾಲಕ್ಕೆ ತಕ್ಕಂತೆ ಭೇದವಿರುವ ಹಾಗೆ ದೇಶಕ್ಕೆ ತಕ್ಕಂತೆಯೂ ಭೇದವುಂಟು. ಅರಬ್ಬೀ ಸಮುದ್ರದ ಉತ್ತರ ಭಾಗದಲ್ಲಿ ಮರುಭೂಮಿಯ ಧೂಳು ಹೆಚ್ಚು, ದಕ್ಷಿಣಕ್ಕೆ ಸರಿದಂತೆ ಅದು ತೆಳುವಾಗುತ್ತದೆ. ಬಂಗಾಳ ಕೊಲ್ಲಿಯಾಚೆಯ ಪೋರ್ಟ್ ಬ್ಲೇರಿಗೆ ಬರ್ಮಾ, ಥಾಯ್ಲೆಂಡ್ ಕಡೆಯ ಬೆಂಕಿಗಳ ಹೊಗೆಯೂ ಬಂದು ಸೇರುತ್ತದೆ. ಒಂದೇ ದೇಶದ ಎರಡು ದ್ವೀಪಗಳು, ಆದರೆ ಗಾಳಿ ಒಂದೇ ಅಲ್ಲ.

ಈ ವಿಷಯಕ್ಕೆ ಲೋಕಪ್ರಸಿದ್ಧಿ ಬಂದುದು 1999ರಲ್ಲಿ. ಆ ವರ್ಷದ ಜನವರಿಯಿಂದ ಮಾರ್ಚಿಯವರೆಗೆ ವೀರಭದ್ರನ್ ರಾಮನಾಥನ್ ಮತ್ತು ನೊಬೆಲ್ ಪಾರಿತೋಷಿಕ ಪಡೆದ ಪಾಲ್ ಕ್ರುಟ್ಜೆನ್ ಅವರ ಮುಂದಾಳುತನದಲ್ಲಿ ಹಿಂದೂ ಮಹಾಸಾಗರ ಪ್ರಯೋಗ, ಎಂದರೆ ಇಂಡೋಎಕ್ಸ್, ನಡೆಯಿತು. ಹಡಗುಗಳು, ವಿಮಾನಗಳು, ಮಾಲ್ದೀವಿನ ಕಾಶಿಧೂ ದ್ವೀಪದ ವೀಕ್ಷಣಾಲಯ ಎಲ್ಲವೂ ಏಕಕಾಲದಲ್ಲಿ ಅಳತೆಗೆ ತೊಡಗಿದವು. ಸಮುದ್ರದ ಮೇಲೆ ಸುಮಾರು ಮೂರು ಕಿಲೋಮೀಟರ್ ಎತ್ತರದವರೆಗೂ ಕಂದು ಬಣ್ಣದ ಮಬ್ಬು ಹಬ್ಬಿರುವುದು ಕಂಡುಬಂದಿತು. ಅದರ ಮುಕ್ಕಾಲು ಪಾಲಿಗೂ ಮಿಗಿಲು ಮನುಷ್ಯಕೃತವೆಂದು ಅಂದಾಜು ಮಾಡಲಾಯಿತು. ಸಮಭಾಜಕದ ದಕ್ಷಿಣಕ್ಕೆ, ಎರಡು ಗೋಳಾರ್ಧಗಳ ಗಾಳಿ ಸಂಧಿಸುವ ಮಳೆಯ ಪಟ್ಟಿಯನ್ನು ದಾಟಿದೊಡನೆ ಗಾಳಿ ತಟ್ಟನೆ ತಿಳಿಯಾಗುತ್ತಿತ್ತು.

2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಶಾಖೆಯ ವರದಿಯೊಂದು ಇದಕ್ಕೆ ‘ಏಷ್ಯದ ಕಂದು ಮೋಡ’ ಎಂಬ ಹೆಸರನ್ನಿಟ್ಟಿತು. ಪತ್ರಿಕೆಗಳು ಹೆಸರನ್ನು ಹಿಡಿದುಕೊಂಡವು, ಅಂಕೆಗಳನ್ನು ಬಿಟ್ಟವು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ಆಕ್ಷೇಪವೆತ್ತಿದರು. ಮಬ್ಬು ಕವಿಯುವುದು ವರ್ಷದ ಕೆಲವೇ ತಿಂಗಳು, ಮುಂಗಾರಿನಲ್ಲಿ ಅದಿರುವುದಿಲ್ಲ, ಮೂರು ತಿಂಗಳ ಅಳತೆಯನ್ನು ಹಿಡಿದು ಮುಂಗಾರಿನ ಭವಿಷ್ಯವನ್ನು ಹೇಳಹೊರಡುವುದು ಯುಕ್ತವಲ್ಲ ಎಂಬುದು ಅವರ ವಾದದ ತಿರುಳು. ರಾಮನಾಥನ್ ಮತ್ತು ಅವರ ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು. ಈ ವಿವಾದದಲ್ಲಿ ನಮ್ಮ ಮನಸ್ಸು ಬೆಂಗಳೂರಿನವರ ಕಡೆಗೆ ಒಂದಿಷ್ಟು ವಾಲುತ್ತದೆ. ಮಬ್ಬು ಇಲ್ಲವೆಂದೇನೂ ಅವರು ಹೇಳಲಿಲ್ಲ. ಯಾವ ತಿಂಗಳು, ಯಾವ ಸ್ಥಳ ಎಂದು ಕೇಳಿದರು. ಗಾಳಿಯ ಬಗ್ಗೆ ಮಾತನಾಡುವವರೆಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆಗಳು ಅವೇ. ಆದರೆ ದ್ವೀಪಗಳಲ್ಲಿ ತೂಗಿದ ಸರಕನ್ನು ಯಾರು ಎಷ್ಟು ಕಳಿಸಿದರೆಂಬ ಲೆಕ್ಕ ಒಳನಾಡಿನ ಊರೂರುಗಳಲ್ಲಿ ಸಿಕ್ಕದ ಹೊರತು ವಿವಾದ ತೀರುವಂತಿಲ್ಲವೆಂಬುದೂ ಅಷ್ಟೇ ನಿಜ.

ಇನ್ನು ನಮ್ಮ ನಾಡಿಗೆ ಬರೋಣ. ಬೀದರವು ಎರಡು ಸಮುದ್ರಗಳಿಂದಲೂ ಸುಮಾರು ನಾನೂರರಿಂದ ನಾನೂರೈವತ್ತು ಕಿಲೋಮೀಟರ್ ಒಳಗೆ, ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ವಾಯವ್ಯಕ್ಕೆ ಭಾಲ್ಕಿ, ಮಾಂಜ್ರಾ ನದಿಯನ್ನು ದಾಟಿ ಉತ್ತರಕ್ಕೆ ಔರಾದ. ಈ ಮೂರು ಊರುಗಳು ಒಂದೊಂದು ಬಾಹುವೂ ಮೂವತ್ತು ನಲವತ್ತು ಕಿಲೋಮೀಟರ್ ಇರುವ ಒಂದು ತ್ರಿಕೋನವನ್ನು ಮಾಡುತ್ತವೆ. ಬೀದರದ ಮಣ್ಣು ಕೆಂಪು. ಭಾಲ್ಕಿ, ಔರಾದಗಳ ಹೊಲಗಳ ಮಣ್ಣು ಹೆಚ್ಚಾಗಿ ಎರೆ. ಬಿದರಿ ಕುಶಲಕರ್ಮಿಗಳು ಕೋಟೆಯ ಮಣ್ಣನ್ನು ನಾಲಗೆಯ ಮೇಲಿಟ್ಟು ಅದರ ಗುಣವನ್ನು ಹೇಳಬಲ್ಲರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಮಣ್ಣನ್ನು ಇಷ್ಟು ಚೆನ್ನಾಗಿ ಬಲ್ಲ ಊರಿನವರಿಗೆ ಅದೇ ಮಣ್ಣು ಗಾಳಿಗೆ ಹಾರಿದ ಮೇಲೆ ಅಪರಿಚಿತವಾಗಿ ಉಳಿಯಬೇಕೆ?

ನಮ್ಮ ಗಾಳಿಯ ಪಂಚಾಂಗವನ್ನು ಕಣ್ಣಿನಿಂದ ನೋಡಿಯೇ ಒಂದು ಮಟ್ಟಿಗೆ ಬರೆಯಬಹುದು. ಅಕ್ಟೋಬರಿನಲ್ಲಿ ಸೋಯಾ ರಾಶಿಯ ಕಾಲ. ಒಕ್ಕುವ ಯಂತ್ರಗಳ ಹೊಟ್ಟು ದಪ್ಪ ಕಣವಾದುದರಿಂದ ಊರ ಹೊರಗಿನಲ್ಲಿಯೇ ಕೆಳಗಿಳಿಯುತ್ತದೆ. ನವೆಂಬರಿನಿಂದ ಕಬ್ಬಿನ ಕಟಾವು ಮೊದಲ್ಗೊಂಡು ರವದಿಗೆ ಬೆಂಕಿ ಬೀಳುತ್ತದೆ, ತರುವಾಯ ತೊಗರಿ ಕಟ್ಟಿಗೆ ಒಲೆ ಸೇರುತ್ತದೆ. ಈ ಕಾಲದ ವಿಶೇಷವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಚಳಿಗಾಲದ ರಾತ್ರಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲಿ ತಣ್ಣಗಾಗುತ್ತದೆ. ನೆಲಕ್ಕೆ ತಗುಲಿದ ಗಾಳಿಯೂ ತಣ್ಣಗಾಗಿ, ಮೇಲಿನ ಗಾಳಿಯೇ ಬೆಚ್ಚಗಿರುತ್ತದೆ. ಭಾರವಾದ ತಂಪು ಗಾಳಿ ಕೆಳಗೆ, ಹಗುರವಾದ ಬಿಸಿ ಗಾಳಿ ಮೇಲೆ ಇರುವಾಗ ಮೇಲೆ ಕೆಳಗೆ ಬೆರಕೆ ನಿಂತುಹೋಗಿ ಹೊಗೆಗೆ ಮುಚ್ಚಳ ಹಾಕಿದಂತಾಗುತ್ತದೆ. ತಂಪು ಗಾಳಿ ನೀರಿನಂತೆ ತಗ್ಗಿಗೆ ಹರಿಯುವ ಸ್ವಭಾವದ್ದು. ಜನವರಿಯ ಮುಂಜಾವಿನಲ್ಲಿ ಬೀದರ ಕೋಟೆಯ ಉತ್ತರದ ಅಂಚಿನಲ್ಲಿ ನಿಂತು ಮಾಂಜ್ರಾ ಕಣಿವೆಯ ಕಡೆಗೆ ನೋಡಿದರೆ ತಗ್ಗಿನಲ್ಲಿ ಹಾಸಿದಂತೆ ಮಲಗಿರುವ ಹೊಗೆಯ ಪದರವನ್ನು ಕಾಣಬಹುದು. ಮಾರ್ಚಿಯ ಬಿಸಿಲು ಈ ಮುಚ್ಚಳವನ್ನು ತೆಗೆಯುತ್ತದೆ. ಆಗ ರಸ್ತೆಯ ಕೆಂಪು ಧೂಳು, ಜಲ್ಲಿ ಕ್ರಷರುಗಳ ಬಿಳಿ ಹುಡಿ, ಸುಂಟರಗಾಳಿಗಳ ಕಾಲ. ಮೃಗಶಿರಾ ಮಳೆ (ನಮ್ಮ ಕಡೆ ಅದನ್ನು ಮಿರಗ ಎನ್ನುವುದುಂಟು) ನಾಲ್ಕು ಸಲ ಚೆನ್ನಾಗಿ ಸುರಿಯಿತೆಂದರೆ ಎಲ್ಲವೂ ತೊಳೆದುಹೋಗುತ್ತದೆ.

ಇಂತಹ ಗಾಳಿಯನ್ನು ವರ್ಷಕ್ಕೊಂದು ಸರಾಸರಿಯಿಂದ ಅಳೆಯುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಎರಡೂವರೆ ಮೈಕ್ರಾನಿಗಿಂತ ಚಿಕ್ಕ ಕಣಗಳು ಘನ ಮೀಟರಿಗೆ ವಾರ್ಷಿಕ ಸರಾಸರಿಯಲ್ಲಿ 40 ಮೈಕ್ರೊಗ್ರಾಂ, ಯಾವುದೇ ಒಂದು ದಿನದಲ್ಲಿ 60 ಮೈಕ್ರೊಗ್ರಾಂ ಮೀರಕೂಡದು. ಲೆಕ್ಕಕ್ಕಾಗಿ ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿ 15, ಉಳಿದ ಎಂಟು ತಿಂಗಳು 50. ಸರಾಸರಿ 38 ಚಿಲ್ಲರೆ! ಎರಡು ನಿಯಮಗಳಲ್ಲಿ ಯಾವುದೂ ಮುರಿಯಲಿಲ್ಲ; ಆದರೆ ಆ ಊರಿನ ಮಗು ವರ್ಷದ ಮೂರರಲ್ಲಿ ಎರಡು ಪಾಲು ದಿನಗಳಲ್ಲಿ 40ಕ್ಕಿಂತ ಹೆಚ್ಚಿನದನ್ನೇ ಉಸಿರಾಡಿತು. ಆಗಸ್ಟಿನ ಮಳೆ ಜನವರಿಯ ಶ್ವಾಸಕೋಶವನ್ನು ತೊಳೆಯಲಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಕಣಗಳಿಗೆ ಸೂಚಿಸಿದ ವಾರ್ಷಿಕ ಮಿತಿ 5 ಮಾತ್ರವೆಂಬುದನ್ನು ಇಲ್ಲಿ ನೆನೆಯಬೇಕು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದುವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಎಂಬ ನಾಲ್ಕು ನಗರಗಳು. ಪಟ್ಟಿಯಲ್ಲಿ ಹೆಸರಿಲ್ಲದ ಊರಿನ ಜನ ನಮ್ಮ ಗಾಳಿ ನಿರ್ಮಲವಾಗಿದೆ ಎಂದು ಸಮಾಧಾನಪಟ್ಟುಕೊಳ್ಳುವುದು ಸ್ವಾಭಾವಿಕ. ಆದರೆ ಕಣಗಳಿಗೆ ನಗರಸಭೆಯ ಗಡಿ ತಿಳಿಯದು.

ರವದಿಯ ಬೆಂಕಿಯ ವಿಷಯದಲ್ಲಿ ಎರಡು ಮಾತು ಹೇಳಬೇಕಾಗಿದೆ. ಕಬ್ಬಿನ ಹೊಗೆಯಿಂದ ಮಳೆ ಓಡಿಹೋಗುತ್ತದೆ ಎಂದು ಹೇಳುವವರುಂಟು. ಈ ಪ್ರಶ್ನೆಯನ್ನು ಆಸ್ಟ್ರೇಲಿಯದಲ್ಲಿ ಬಹಳ ಹಿಂದೆಯೇ ಪರೀಕ್ಷಿಸಿದ್ದಾರೆ. ನೀರಾವಿ ಹನಿಯಾಗಲು ಒಂದು ಕಣದ ಆಸರೆ ಬೇಕೆಂಬುದನ್ನು ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ 1880ರ ದಶಕದಲ್ಲಿಯೇ ತೋರಿಸಿದ್ದನು. ಕಣಗಳು ಅತಿಯಾದರೆ ಇದ್ದ ನೀರು ಅಸಂಖ್ಯಾತ ಸಣ್ಣ ಹನಿಗಳಲ್ಲಿ ಹಂಚಿಹೋಗುತ್ತದೆ. ಹತ್ತು ಮೈಕ್ರಾನ್ ತ್ರಿಜ್ಯದ ಮೋಡದ ಹನಿಗಳು ಹತ್ತು ಲಕ್ಷ ಕೂಡಿದರೆ ಒಂದು ಮಿಲಿಮೀಟರ್ ತ್ರಿಜ್ಯದ ಒಂದು ಮಳೆಹನಿ! ಹನಿಗಳು ಇನ್ನೂ ಚಿಕ್ಕದಾದರೆ ಕೂಡುವಿಕೆ ಇನ್ನೂ ಕಷ್ಟ. 1967ರಲ್ಲಿ ವಾರ್ನರ್ ಮತ್ತು ಟೂಮಿ ಎಂಬವರು ಕ್ವೀನ್ಸ್‌ಲೆಂಡಿನ ಕಬ್ಬಿನ ಬೆಂಕಿಯ ಹೊಗೆಯಲ್ಲಿ ಮೋಡದ ಹನಿಗಳ ಸಂಖ್ಯೆ ಹೆಚ್ಚುವುದನ್ನು ಅಳೆದು ತೋರಿಸಿದರು. 1968ರಲ್ಲಿ ವಾರ್ನರ್ ಕಬ್ಬು ಸುಡುವ ತಿಂಗಳುಗಳಲ್ಲಿ ಗಾಳಿಯ ಕೆಳಭಾಗದ ಊರುಗಳಲ್ಲಿ ಮಳೆ ಕಡಮೆಯಾಗಿದೆ ಎಂದೂ ಬರೆದನು. ಆದರೆ ಮುಂದೆ ಬೇರೆ ಕಡೆಯ ಮಳೆಯ ಲೆಕ್ಕಗಳನ್ನು ತೆಗೆದು ನೋಡಿದಾಗ ಆ ಎರಡನೆಯ ಮಾತು ದೃಢಪಡಲಿಲ್ಲ. ಹನಿಗಳು ಹೆಚ್ಚಿದುದು ನಿಜ. ಮಳೆ ತಗ್ಗಿದುದು ಸಿದ್ಧವಾಗಲಿಲ್ಲ. ನಮ್ಮಲ್ಲಂತೂ ರವದಿ ಉರಿಯುವುದು ಒಣಕಾಲದಲ್ಲಿ. ಜನವರಿಯ ಹೊಗೆ ಜೂನಿನ ಮೋಡಕ್ಕಾಗಿ ಕಾದು ಕುಳಿತಿರುವುದಿಲ್ಲ. ಆದುದರಿಂದ ಮಳೆ ಕೈಕೊಟ್ಟ ವರ್ಷ ರೈತನ ಬೆಂಕಿಕಡ್ಡಿಯ ಮೇಲೆ ತಪ್ಪು ಹೊರಿಸುವುದನ್ನು ನಾವು ಒಪ್ಪೆವು.

ಹಾಗೆಂದು ಆ ಬೆಂಕಿ ನಿರಪರಾಧಿಯೂ ಅಲ್ಲ. ಮುಚ್ಚಳ ಹಾಕಿದಂತಿರುವ ಚಳಿಗಾಲದ ಗಾಳಿಯಲ್ಲಿ ಅದರ ಮಸಿ ಮೊದಲು ಸೇರುವುದು ಉರಿಸಿದವನ ಮನೆಯ ಮುದುಕರ, ಎಳೆಯರ ಉಸಿರನ್ನು. 2019ನೆಯ ವರ್ಷವೊಂದರಲ್ಲೇ ಭಾರತದಲ್ಲಿ ಸುಮಾರು 16 ಲಕ್ಷ 70 ಸಾವಿರ ಮರಣಗಳಿಗೆ ಕೆಟ್ಟ ಗಾಳಿ ಕಾರಣವಾಯಿತೆಂದು ವೈದ್ಯವಿಜ್ಞಾನಿಗಳ ಅಂದಾಜು. ಆದರೆ ಕೂಲಿ ದುಬಾರಿಯಾಗಿ, ಕುಳೆ ಬೆಳೆಗೆ ನೀರು ಹಾಯಿಸುವ ಅವಸರವಿರುವಾಗ ರೈತನು ಬೆಂಕಿಯಿಡುವುದೇಕೆಂಬುದು ನಮಗೆ ಅರ್ಥವಾಗದ ಮಾತೇನಲ್ಲ. ರವದಿಯನ್ನು ಪುಡಿಮಾಡಿ ನೆಲಕ್ಕೆ ಹೊದಿಸುವ ಯಂತ್ರವು ಸಕಾಲಕ್ಕೆ ಕೈಗೆಟುಕುವಂತೆ ಮಾಡದೆ ಬರಿಯ ದಂಡವನ್ನು ವಿಧಿಸುವುದು ನ್ಯಾಯವೂ ಅಲ್ಲ, ಫಲಕಾರಿಯೂ ಅಲ್ಲ.

ಮೋಡ ಬಿತ್ತನೆಯ ವಿಚಾರದಲ್ಲಿಯೂ ಇದೇ ಅಳತೆಯ ಪ್ರಶ್ನೆ ಬರುತ್ತದೆ. ಕರ್ನಾಟಕದಲ್ಲಿ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರುಗಳಿಂದ ವಿಮಾನದ ಮೂಲಕ ಬಿತ್ತನೆ ನಡೆಯಿತು. ಬಿತ್ತನೆಯೆಂದರೆ ಮೋಡಕ್ಕೆ ಹೊಸ ಕಣಗಳನ್ನು ಸೇರಿಸುವುದೇ ಆಗಿದೆ. ಇರುವ ಕಣಗಳೆಷ್ಟು, ಎಂಥವು ಎಂದು ತಿಳಿಯದೆ ಇನ್ನಷ್ಟು ಕಣಗಳನ್ನು ಸುರಿಯುವುದು ಉಪ್ಪು ಎಷ್ಟಿದೆಯೆಂದು ನೋಡದೆ ಸಾರಿಗೆ ಮತ್ತೆ ಉಪ್ಪು ಹಾಕಿದಂತೆ. ನಮ್ಮ ನೆರೆಯ ಸೊಲ್ಲಾಪುರದಲ್ಲಿ ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು 2018 ಮತ್ತು 2019ರ ಮಳೆಗಾಲಗಳಲ್ಲಿ ನಡೆಸಿದ ಪ್ರಯೋಗದ ಮಾದರಿ ನಮಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ಅವರು ಮೊದಲು ಮೋಡದೊಳಗಿನ ಕಣಗಳನ್ನೂ ಹನಿಗಳನ್ನೂ ಎಣಿಸಿದರು. ಕೆಲವು ಮೋಡಗಳನ್ನು ಬಿತ್ತಿ ಕೆಲವನ್ನು ಹಾಗೆಯೇ ಬಿಟ್ಟು ಹೋಲಿಸಿದರು. ಸರಾಸರಿ ಶೇಕಡ 18ರಷ್ಟು ಹೆಚ್ಚಿನ ಮಳೆಯನ್ನು ಅವರು ವರದಿ ಮಾಡಿದ್ದಾರೆ. ಈ ಫಲವು ಸೊಲ್ಲಾಪುರದ ಮೋಡಗಳದು. ಅದನ್ನು ಔರಾದದ ಆಕಾಶಕ್ಕೆ ಹಾಗೆಯೇ ಅನ್ವಯಿಸುವ ಮುನ್ನ ಔರಾದದ ಗಾಳಿಯನ್ನು ಎಣಿಸಬೇಕು.

ಎಣಿಸುವವರಾರು? ದೊಡ್ಡ ಸಂಸ್ಥೆಗಳು ಬರಲಿ ಎಂದು ಕಾದು ಕುಳಿತುಕೊಳ್ಳುವ ಅಗತ್ಯವಿಲ್ಲ. ವಿಜ್ಞಾನದ ಪದವಿಯೇ ಇಲ್ಲದ ಫಾರೆಸ್ಟ್ ಮಿಮ್ಸ್ ಎಂಬ ಅಮೆರಿಕದ ಹವ್ಯಾಸಿ 1990ರಿಂದ ಟೆಕ್ಸಾಸಿನ ತನ್ನ ಮನೆಯಂಗಳದಲ್ಲಿಯೇ ಸೂರ್ಯನ ಬೆಳಕನ್ನು ಅಳೆಯುತ್ತ ಬಂದನು. ಅವನ ಯುಕ್ತಿ ಸೊಗಸಾದುದು. ಎಲ್‌ಇಡಿ ಎಂಬ ಪುಟ್ಟ ದೀಪವು ಬೆಳಕನ್ನು ಕೊಡುವುದು ಎಲ್ಲರಿಗೂ ಗೊತ್ತು. ಅದರ ಮೇಲೆಯೇ ಬೆಳಕು ಬಿದ್ದರೆ ಅದು ವಿದ್ಯುತ್ತನ್ನು ಕೊಡುತ್ತದೆ, ಅದೂ ಒಂದು ಕಿರಿದಾದ ಬಣ್ಣದ ಪಟ್ಟಿಯ ಬೆಳಕಿಗೆ ಮಾತ್ರ. ಒಂದು ಎಲ್‌ಇಡಿ, ಒಂದು ವರ್ಧಕ, ಒಂದು ಮಲ್ಟಿಮೀಟರ್, ಒಂದು ಕೊಳವೆ ಇವಿಷ್ಟರಿಂದ ಸೂರ್ಯಮಾಪಕ ಸಿದ್ಧವಾಗುತ್ತದೆ. ಸೂರ್ಯನನ್ನು ಕಣ್ಣಿನಿಂದ ನೋಡಿ ಗುರಿಯಿಡಕೂಡದು; ಕೊಳವೆಯ ನೆರಳನ್ನು ನೋಡಿ ಹೊಂದಿಸಿಕೊಳ್ಳಬೇಕು. ಡಿಸೆಂಬರಿನ ಒಂದು ನಿರ್ಮಲವಾದ ಬೆಳಗ್ಗೆ ಅರ್ಧ ಗಂಟೆಗೊಮ್ಮೆ ಓದಿಕೆಯನ್ನು ಬರೆದುಕೊಂಡು, ಅದರ ಲಾಗರಿದಮ್ಮನ್ನು ಕಿರಣಗಳು ದಾಟಿದ ಗಾಳಿಯ ದಪ್ಪಕ್ಕೆ ಎದುರಾಗಿ ಗುರುತಿಸಿದರೆ ಒಂದು ಸರಳರೇಖೆ ಬರುತ್ತದೆ. ಅದರ ಇಳಿಜಾರೇ ಗಾಳಿಯು ಬೆಳಕಿಗೆ ಒಡ್ಡುವ ತಡೆಯ ಅಂಕ. ಇದನ್ನು ಆಪ್ಟಿಕಲ್ ಡೆಪ್ತ್ ಎನ್ನುವರು. ಇದರಿಂದ ಗಾಳಿಯ ಅಣುಗಳ ಪಾಲನ್ನೂ ಓಜೋನಿನ ಪಾಲನ್ನೂ ಕಳೆಯಬೇಕು. ಅಣುಗಳ ಪಾಲನ್ನು ಕಳೆಯುವಾಗ ಬೀದರದ ಎತ್ತರವನ್ನು ಮರೆಯಬಾರದು. ಸಮುದ್ರಮಟ್ಟಕ್ಕಿಂತ ಇಲ್ಲಿ ಗಾಳಿಯ ಒತ್ತಡ ಶೇಕಡ ಏಳೆಂಟರಷ್ಟು ಕಡಮೆ. ಉಳಿದುದೇ ಕಣಗಳ ಪಾಲು. 1998ರ ಚಳಿಗಾಲದ ಕೊನೆಯಲ್ಲಿ ಕಾಶಿಧೂ ದ್ವೀಪದಲ್ಲಿ ಇದು ಸರಾಸರಿ 0.2ರಷ್ಟಿತ್ತು, ಎಂದರೆ ನೆತ್ತಿಯ ಸೂರ್ಯನ ನೇರ ಕಿರಣಗಳಲ್ಲಿ ಶೇಕಡ 18 ದಾರಿಯಲ್ಲಿಯೇ ಕಳೆದುಹೋಗುತ್ತಿತ್ತು.

ಇದರ ಜೊತೆಗೆ ವ್ಯಾಸಲೀನ್ ಸವರಿದ ಗಾಜಿನ ಪಟ್ಟಿಯೊಂದನ್ನು ಮಾಳಿಗೆಯ ಮೇಲೆ ಒಂದು ದಿನವಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಂಬಿಟ್ಟಿಗೆಯ ಕೆಂಪು ಕಣ, ಎರೆಮಣ್ಣಿನ ಕಪ್ಪು ಕಣ, ಕ್ರಷರಿನ ಚೂಪು ಅಂಚಿನ ಕಣಗಳನ್ನು ಬೇರೆಬೇರೆಯಾಗಿ ಎಣಿಸಬಹುದು. ಹೈಸ್ಕೂಲಿನವರಿಗೆ ಇನ್ನೂ ಸುಲಭವಾದ ಕೆಲಸವುಂಟು. ದಿನವೂ ಒಂದೇ ವೇಳೆಯಲ್ಲಿ ಎತ್ತರದ ಸ್ಥಳದಿಂದ ಅಷ್ಟೂರಿನ ಗುಂಬಜುಗಳು ಎಷ್ಟು ಸ್ಫುಟವಾಗಿ ಕಾಣುತ್ತವೆ, ಅವುಗಳಾಚೆಯ ಯಾವ ಮರ, ಯಾವ ದಿಬ್ಬ ಕಾಣುತ್ತದೆ ಎಂದು ಬರೆದಿಡುವುದು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಮೂರು ಊರುಗಳಲ್ಲಿಯೂ ಕಾಲೇಜುಗಳಿವೆ. ಬೀದರ, ಭಾಲ್ಕಿ, ಔರಾದಗಳ ವಿದ್ಯಾರ್ಥಿಗಳು ದೀಪಾವಳಿಯಿಂದ ಮೃಗಶಿರಾ ಮಳೆಯವರೆಗೆ ಮೋಡವಿಲ್ಲದ ದಿನಗಳಲ್ಲಿ ಬೆಳಗಿನ ಹತ್ತು ಗಂಟೆಗೆ ಏಕಕಾಲದಲ್ಲಿ ಅಳೆದರೆಂದು ಇಟ್ಟುಕೊಳ್ಳೋಣ. ಮೂರು ಕಡೆಯೂ ಅಂಕ ಒಂದೇ ದಿನ ಏರಿದರೆ ಅದು ದೂರದಿಂದ ಬಂದ ಕಣವಿರಬೇಕು. 2022ರ ಜನವರಿಯಲ್ಲಿ ಪಾಕಿಸ್ತಾನದ ಕಡೆಯಿಂದ ಬಂದ ಧೂಳು ಮುಂಬಯಿಯನ್ನು ಮುಸುಕಿದಂಥ ಪ್ರಸಂಗ. ಭಾಲ್ಕಿಯಲ್ಲಿ ಮಾತ್ರ ಏರಿದರೆ ಅಲ್ಲಿಯದೇ ಹೊಗೆ. ಬೀದರದಲ್ಲಿ ಏರಿ, ಮೂಡಣ ಗಾಳಿಯ ದಿನ ಕೆಲವು ಗಂಟೆಗಳ ತರುವಾಯ ಭಾಲ್ಕಿಯಲ್ಲಿ ಏರಿದರೆ ಗಾಳಿಯ ವೇಗವನ್ನು ಹಿಡಿದು ಲೆಕ್ಕವನ್ನು ತಾಳೆ ನೋಡಬಹುದು. ಸೆಕೆಂಡಿಗೆ ಐದು ಮೀಟರಿನ ಗಾಳಿಗೆ ಆ ದೂರ ಸುಮಾರು ಎರಡು ಗಂಟೆಯ ದಾರಿ, ಆದುದರಿಂದ ಅಂಥ ದಿನಗಳಲ್ಲಿ ಹತ್ತು ಗಂಟೆಯ ಜೊತೆಗೆ ಹನ್ನೆರಡಕ್ಕೂ ಎರಡಕ್ಕೂ ಒಂದೊಂದು ಓದಿಕೆ ಬೇಕಾಗುತ್ತದೆ. ನೆಲದ ಮೇಲಿನ ಗಾಜಿನ ಪಟ್ಟಿ ಶುಭ್ರವಾಗಿದ್ದು ಸೂರ್ಯಮಾಪಕ ಮಾತ್ರ ಮಬ್ಬನ್ನು ತೋರಿಸುವ ದಿನಗಳೂ ಬರಬಹುದು, ಮುಖ್ಯವಾಗಿ ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಗ ಕಣಗಳು ತಲೆಯ ಮೇಲೆ ಎತ್ತರದಲ್ಲಿ ಸಾಗುತ್ತಿವೆ ಎಂದರ್ಥ. ಅಂಥ ದಿನಗಳ ತಾರೀಖುಗಳನ್ನು ಪ್ರತ್ಯೇಕವಾಗಿ ಗುರುತುಮಾಡಿಡಬೇಕು; ಮಿನಿಕಾಯಿಯ ಲೆಕ್ಕದೊಡನೆ ಮೊದಲು ಹೋಲಿಸಿ ನೋಡತಕ್ಕವು ಅವೇ.